ಶರತ್ಕಾಲದ ಹೊಳೆ ದಂಡೆಯಲ್ಲಿ ಹಕ್ಕಿ ನೋಡಲು: ಎಲ್ಲಿ ನಿಲ್ಲಬೇಕು, ಯಾವಾಗ ಹೋಗಬೇಕು, ಏನು ಒಯ್ಯಬೇಕು

ಹಕ್ಕಿ ನೋಡಲು ದೂರದ ಪಕ್ಷಿಧಾಮಕ್ಕೇ ಹೋಗಬೇಕು ಅಂತೇನಿಲ್ಲ. ನಡೆದು ಹೋಗಿ ಬರುವಷ್ಟು ದೂರದಲ್ಲಿ ಒಂದು ಹೊಳೆ ಇದ್ದರೆ ಸಾಕು. ಶರತ್ಕಾಲವಾದರೆ ಇನ್ನೂ ಒಳ್ಳೆಯದು. ಉತ್ತರ ಗೋಳಾರ್ಧದಲ್ಲಿ ಮರಿ ಮಾಡಿ ಮುಗಿಸಿದ ಎಷ್ಟೋ ಹಕ್ಕಿಗಳು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ದಕ್ಷಿಣದ ಕಡೆ ಸಾಗುತ್ತಲೇ ಇರುತ್ತವೆ. ಅವುಗಳಿಗೆ ನದಿ ದಾರಿಯೂ ಹೌದು, ನಡುವೆ ಇಳಿದು ಹೊಟ್ಟೆ ತುಂಬಿಸಿಕೊಳ್ಳುವ ಜಾಗವೂ ಹೌದು. ಹೋದ ವಾರ ಇದ್ದ ಹಕ್ಕಿ ಈ ವಾರ ಇರುವುದಿಲ್ಲ. ಅದರ ಜಾಗದಲ್ಲಿ ಬೇರೊಂದು ಬಂದಿರುತ್ತದೆ.

ಆದರೆ ಹೊರಡುವ ಮೊದಲೇ ಹತ್ತು ಪ್ರಶ್ನೆ ಏಳುತ್ತವೆ. ಸೇತುವೆ ಮೇಲೆ ನಿಲ್ಲುವುದೋ, ದಂಡೆಯುದ್ದಕ್ಕೂ ನಡೆಯುವುದೋ? ಬೆಳಗ್ಗೆಯೋ, ಸಂಜೆಯೋ? ಬೈನಾಕ್ಯುಲರ್ 8 ಪಟ್ಟಿನದೋ, 10 ಪಟ್ಟಿನದೋ? ಒಂದೊಂದಕ್ಕೂ ನನ್ನ ಆಯ್ಕೆ ಯಾವುದು, ಯಾಕೆ ಅಂತ ಇಲ್ಲಿ ಹೇಳುತ್ತೇನೆ. ಎಲ್ಲದರ ಹಿಂದೆ ಇರುವ ಲೆಕ್ಕ ಒಂದೇ. ಹಕ್ಕಿಗಳು ಓಡಾಡುವ ಕಾಲದಲ್ಲಿ ನೋಡುವವರು ಒಂದು ಕಡೆ ನೆಲೆ ನಿಂತರೆ ಕಾಣುವುದು ಜಾಸ್ತಿ.

ಹಲವು ಜಾಗವೋ, ಒಂದೇ ಜಾಗವೋ

ವಾರಕ್ಕೊಂದು ಹೊಸ ಜಾಗಕ್ಕೆ ಹೋದರೆ ಪಟ್ಟಿ ಉದ್ದವಾಗುತ್ತದೆ, ನಿಜ. ಹೊಸ ಹಕ್ಕಿ ಕಂಡಾಗಿನ ಖುಷಿಯೇ ಬೇರೆ. ಆದರೆ ಅಲ್ಲಿ ಕಂಡ ಹಕ್ಕಿ ವರ್ಷವಿಡೀ ಅಲ್ಲೇ ಇರುವಂಥದ್ದೋ, ನಿನ್ನೆ ರಾತ್ರಿಯಷ್ಟೇ ಬಂದಿಳಿದದ್ದೋ ಗೊತ್ತಾಗುವುದಿಲ್ಲ. ಹೊಳೆಯ ಒಂದೇ ತಿರುವಿಗೆ ವಾರ ವಾರ ಹೋಗುತ್ತಿದ್ದರೆ ಅದು ತಾನಾಗಿ ತಿಳಿಯುತ್ತದೆ. ಆ ಬಂಡೆ ಮೇಲೆ ನೀರುಕಾಗೆ ರೆಕ್ಕೆ ಹರಡಿ ಕೂರುತ್ತದೆ, ಬಾಗಿದ ಒಣ ಕೊಂಬೆ ಮಿಂಚುಳ್ಳಿಯದು, ಆಚೆ ದಡದ ಬೂದು ಬಕ ಅಲ್ಲಿಂದ ಕದಲುವುದೇ ಅಪರೂಪ. ಇಷ್ಟು ಮನಸ್ಸಿನಲ್ಲಿ ಕೂತ ಮೇಲೆ ಹೊಸದಾಗಿ ಏನೇ ಬಂದರೂ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ಹಾಗಂತ ಉಳಿದ ಜಾಗಗಳನ್ನು ಪೂರ್ತಿ ಬಿಡಿ ಅನ್ನುತ್ತಿಲ್ಲ. ಋತುವಿನ ಆರಂಭದಲ್ಲಿ ನಾಲ್ಕಾರು ಕಡೆ ಸುತ್ತಾಡಿ, ಆಮೇಲೆ ಒಂದನ್ನು ಹಿಡಿಯಿರಿ. ಆರಿಸುವಾಗ ಹೆಸರುವಾಸಿ ಜಾಗಕ್ಕಿಂತ ಹತ್ತಿರದ ಜಾಗವೇ ಮೇಲು. ಒಂದು ಗಂಟೆ ಬಿಡುವು ಸಿಕ್ಕಾಗ ಹೋಗಿ ಬರಲು ಆಗದ ಜಾಗ ಎಷ್ಟು ಚೆನ್ನಾಗಿದ್ದರೂ ಈ ಕಾಲಕ್ಕೆ ಹೊಂದುವುದಿಲ್ಲ.

ಸೇತುವೆ, ಒಡ್ಡು, ಮರಳ ದಿಬ್ಬ, ಮರಗಳ ದಂಡೆ

ಸೇತುವೆಯ ದೊಡ್ಡ ಅನುಕೂಲ ಎಂದರೆ ಹೊಳೆ ಎರಡೂ ಕಡೆ ಉದ್ದಕ್ಕೆ ಕಾಣುವುದು. ನೀರಿಗೆ ತಾಗುವಷ್ಟು ತಗ್ಗಿನಲ್ಲಿ ಹಾರುವ ಹಕ್ಕಿಗಳ ಬೆನ್ನನ್ನು ಮೇಲಿನಿಂದ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಮಿಂಚುಳ್ಳಿಯ ಬೆನ್ನಿನ ನಡುವಿನ ತಿಳಿ ನೀಲಿ ದಂಡೆಯಲ್ಲಿ ನಿಂತವರಿಗೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಕವಲುತೋಕೆಗಳು ಕಾಲಡಿಯಲ್ಲೇ ನುಸುಳಿ ಹೋಗುತ್ತವೆ. ತೊಂದರೆ ಇರುವುದು ವಾಹನಗಳಿಂದ. ಸದ್ದಿನಲ್ಲಿ ಕೂಗು ಕೇಳಿಸುವುದಿಲ್ಲ, ದೊಡ್ಡ ಗಾಡಿ ಹೋದಾಗಲೆಲ್ಲ ಸೇತುವೆ ಅದುರುತ್ತದೆ, ದೂರದ ಹಕ್ಕಿ ನೋಡಲು ಟ್ರೈಪಾಡ್ ಮೇಲೆ ಇಡುವ ದೂರದರ್ಶಕದಲ್ಲಿ (ಸ್ಕೋಪ್) ಚಿತ್ರ ನಡುಗುತ್ತದೆ. ಬರೀ ನಡೆದು ಹೋಗುವವರಿಗೆ ಕಟ್ಟಿದ ಸೇತುವೆ ಇದ್ದರೆ ಬಿಡಬೇಡಿ.

ಒಡ್ಡಿನ ಕೆಳಗೆ, ನೀರು ಕಲ್ಲುಗಳ ನಡುವೆ ನೊರೆಯಾಗಿ ಹರಿಯುವ ಕಡೆ, ಬೇರೆ ಹಕ್ಕಿಗಳು. ಬೆಳ್ಳಕ್ಕಿಗಳೂ ಬಕಗಳೂ ಮೀನಿಗಾಗಿ ಕಾದು ನಿಂತಿರುತ್ತವೆ. ಕಲ್ಲಿನಿಂದ ಕಲ್ಲಿಗೆ ಹಾರುತ್ತಾ ಬಾಲ ಕುಣಿಸುವ ಬೂದು ಸಿಪಿಲೆಗೆ ಇಂಥ ಜಾಗವೆಂದರೆ ಪ್ರಾಣ. ಅದರ ಹೊಟ್ಟೆ ಹಳದಿ ಇರುವುದರಿಂದ ಹಳದಿ ಸಿಪಿಲೆ ಅಂತ ಬರೆದುಕೊಳ್ಳುವವರು ತುಂಬಾ ಜನ. ಕಾಲು ನೋಡಿ. ಬೂದು ಸಿಪಿಲೆಯ ಕಾಲು ನಸುಗೆಂಪು, ಹಳದಿ ಸಿಪಿಲೆಯದು ಕಪ್ಪು. ಬೂದು ಸಿಪಿಲೆಯ ಬಾಲವೂ ಜಾಸ್ತಿ ಉದ್ದ, ಬೆನ್ನು ಬೂದು. ಜಾಗ ಕೂಡ ಸುಳಿವು ಕೊಡುತ್ತದೆ. ಒಂದಕ್ಕೆ ಕಲ್ಲು ಮತ್ತು ಹರಿಯುವ ನೀರು ಇಷ್ಟ, ಇನ್ನೊಂದಕ್ಕೆ ಹಸಿ ಹುಲ್ಲು.

ಶರತ್ಕಾಲದಲ್ಲಿ ಎಲ್ಲಕ್ಕಿಂತ ಹೆಚ್ಚು ಬದಲಾವಣೆ ಕಾಣುವುದು ಮರಳ ದಿಬ್ಬಗಳಲ್ಲಿ, ಕೆಸರಿನ ಅಂಚುಗಳಲ್ಲಿ. ನೀರು ಇಳಿದ ಹಾಗೆ ಹೊಸ ಕೆಸರು ತೆರೆದುಕೊಳ್ಳುತ್ತದೆ, ಅದರಲ್ಲಿನ ಹುಳುಗಳಿಗಾಗಿ ಗೊರವಗಳು ಇಳಿಯುತ್ತವೆ. ಮೊದಮೊದಲು ಎಲ್ಲವೂ ಒಂದೇ ಥರ ಕಂದು ಹಕ್ಕಿಗಳಂತೆ ಕಂಡು ಬೇಸರವಾಗಬಹುದು. ಹೊಳೆಯಲ್ಲಿ ಪದೇ ಪದೇ ಸಿಗುವ ಮೂರನ್ನು ಬೇರ್ಪಡಿಸಲು ಕಲಿತರೆ ಅರ್ಧ ಕೆಲಸ ಆದಂತೆ. ಸಾಮಾನ್ಯ ಗದ್ದೆಗೊರವದ ಹೊಟ್ಟೆಯ ಬಿಳಿ ಬಣ್ಣ ರೆಕ್ಕೆಯ ಮುಂದೆ ಭುಜದ ತನಕ ಮೇಲೇರಿರುತ್ತದೆ. ನಿಂತಲ್ಲೇ ಅದರ ಹಿಂಭಾಗ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಹಾರಿದರೆ ನೀರಿಗೆ ತೀರ ಹತ್ತಿರ, ರೆಕ್ಕೆಗಳನ್ನು ಬಿಗಿಯಾಗಿ ಹಿಡಿದು ಚಿಕ್ಕ ಚಿಕ್ಕ ಬಡಿತದಲ್ಲಿ ಹೋಗುತ್ತದೆ. ಹಸಿರು ಗದ್ದೆಗೊರವದ ಮೈ ಮೇಲ್ಭಾಗ ಕಡು ಬಣ್ಣ, ದೂರಕ್ಕೆ ಕಪ್ಪೇ ಅನ್ನಿಸುತ್ತದೆ. ಬೆದರಿದರೆ ಮೇಲಕ್ಕೇರಿ ಹಾರುತ್ತದೆ. ಆಗ ಬಾಲದ ಬುಡದ ಅಚ್ಚ ಬಿಳಿ ಎದ್ದು ಕಾಣುತ್ತದೆ, ರೆಕ್ಕೆಯ ಒಳಭಾಗ ಕಪ್ಪಗಿರುತ್ತದೆ. ಅಡವಿ ಗದ್ದೆಗೊರವದ ಬೆನ್ನ ತುಂಬಾ ತಿಳಿ ಚುಕ್ಕೆ, ಕಣ್ಣಿನ ಮೇಲೆ ಉದ್ದನೆಯ ತಿಳಿ ಹುಬ್ಬು, ಕಾಲು ನಸು ಹಳದಿ.

ಮರಗಳ ದಂಡೆಯಲ್ಲಿ ಸಣ್ಣ ಹಕ್ಕಿಗಳ ಮೇಳ. ಮರಿ ಮಾಡುವ ಕಾಲ ಮುಗಿದಿದ್ದರಿಂದ ಗಡಿ ಜಗಳ ಕಡಿಮೆ. ಚೇಕಡಿ, ಉಲಿಯಕ್ಕಿ, ನೊಣಹಿಡುಕಗಳು ಒಟ್ಟಾಗಿ ಮರದಿಂದ ಮರಕ್ಕೆ ಸಾಗುತ್ತವೆ. ಗುಂಪು ಬಂದಾಗ ಕಣ್ಣಿಗೆ ಹಬ್ಬ, ಹೋದ ಮೇಲೆ ಅರ್ಧ ಗಂಟೆ ಏನೂ ಇಲ್ಲ. ಎಲೆ ಮರೆಯ ಉಲಿಯಕ್ಕಿಗಳನ್ನು ಗುರುತಿಸುವುದು ಹಳಬರಿಗೂ ಕಷ್ಟ. ಹೊಸಬರು ಇದನ್ನು ಕೊನೆಗೆ ಇಟ್ಟುಕೊಂಡರೆ ಒಳ್ಳೆಯದು.

ನನ್ನ ಆಯ್ಕೆ ಹೊಳೆಯ ತಿರುವು. ತಿರುವಿನ ಹೊರಬದಿಯಲ್ಲಿ ನೀರು ರಭಸವಾಗಿ ಹರಿದು ದಡ ಕೊರೆಯುತ್ತದೆ. ಒಳಬದಿಯಲ್ಲಿ ರಭಸ ತಗ್ಗಿ ಮರಳು ನಿಲ್ಲುತ್ತದೆ. ಹಾಗಾಗಿ ಒಂದೇ ಕಡೆ ಕಡಿದಾದ ಮಣ್ಣಿನ ದಡ, ಬಾಗಿದ ಕೊಂಬೆಗಳು, ಎದುರಿಗೆ ಮರಳ ದಿಬ್ಬ, ನಡುವೆ ಆಳದ ನೀರು ಎಲ್ಲ ಸಿಗುತ್ತವೆ. ಹೊರಬದಿಯ ಎತ್ತರದ ದಡದಲ್ಲಿ ಕೂತು ಎದುರಿನ ದಿಬ್ಬ ನೋಡಬಹುದು. ಆದರೆ ಅಂಚಿಗೆ ಹೋಗಬೇಡಿ, ಅಡಿಯ ಮಣ್ಣನ್ನು ನೀರು ಕೊರೆದಿರುತ್ತದೆ.

ನದಿ ಸಮುದ್ರ ಸೇರುವ ಅಳಿವೆ ಹತ್ತಿರವಿದ್ದರೆ ಅದರ ಲೆಕ್ಕವೇ ಬೇರೆ. ಅಲ್ಲಿ ಗಡಿಯಾರಕ್ಕಿಂತ ಭರತ ಇಳಿತ ಮುಖ್ಯ. ನೀರು ಏರುತ್ತಾ ಬಂದಂತೆ ಕೆಸರು ಮುಳುಗಿ ಗೊರವಗಳು ದಡದ ಕಡೆ ಸರಿಯುತ್ತವೆ. ಭರತ ಪೂರ್ತಿಯಾಗುವ ಒಂದೆರಡು ಗಂಟೆ ಮೊದಲು ಹೋಗಿ ಕೂರಿ.

ನಡೆಯುವುದೋ, ಕೂರುವುದೋ

ನಡೆದರೆ ಹೆಚ್ಚು ಜಾಗ ನೋಡಬಹುದು, ಚಳಿಯೂ ಆಗುವುದಿಲ್ಲ. ಮೊದಲ ಸಲ ಹೋಗುವ ದಂಡೆಯಲ್ಲಿ ನಡೆಯಲೇಬೇಕು, ಇಲ್ಲದಿದ್ದರೆ ಎಲ್ಲಿ ಏನಿದೆ ಅಂತ ತಿಳಿಯುವುದಾದರೂ ಹೇಗೆ, ಅಲ್ವಾ? ಆದರೆ ದಂಡೆಯ ದಾರಿಯಲ್ಲಿ ನಡೆಯುವವರ ಮುಂದೆ ನಡೆಯುವ ಸಂಗತಿ ಒಂದಿದೆ. ಅಂಚಿನಲ್ಲಿ ಮೇಯುತ್ತಿದ್ದ ಗದ್ದೆಗೊರವ ನಿಮ್ಮನ್ನು ಕಂಡು ಕೂಗಿ ಹಾರುತ್ತದೆ, ಸ್ವಲ್ಪ ಮುಂದೆ ಹೋಗಿ ಅದೇ ದಡದಲ್ಲಿ ಇಳಿಯುತ್ತದೆ. ನೀವು ಅಲ್ಲಿಗೆ ತಲುಪುವಷ್ಟರಲ್ಲಿ ಮತ್ತೆ ಹಾರುತ್ತದೆ. ಹೀಗೆ ಮೂರು ನಾಲ್ಕು ಸಲ ಆದ ಮೇಲೆ ನೀರಿನ ಮೇಲೆ ದೊಡ್ಡದಾಗಿ ಬಳಸಿಕೊಂಡು ನಿಮ್ಮ ಬೆನ್ನ ಹಿಂದಕ್ಕೆ, ಹೊರಟಲ್ಲಿಗೇ ಹೋಗಿ ಕೂರುತ್ತದೆ. ಲೆಕ್ಕದಲ್ಲಿ ನಾಲ್ಕು ಹಕ್ಕಿ ಬರೆದಿರುತ್ತೀರಿ, ಇದ್ದದ್ದು ಒಂದೇ. ಅದಕ್ಕಿಂತ ಮುಖ್ಯವಾಗಿ, ಸಾವಿರಾರು ಕಿಲೋಮೀಟರ್ ದಾರಿಗೆ ಕೊಬ್ಬು ಕೂಡಿಸಿಕೊಳ್ಳುತ್ತಿರುವ ಹಕ್ಕಿಗೆ ಪ್ರತಿ ಹಾರಾಟವೂ ನಷ್ಟ.

ಕೂತರೆ ಆಟ ತಿರುಗುತ್ತದೆ. ಮೊದಲ ಹತ್ತು ನಿಮಿಷ ಏನೂ ಇಲ್ಲ ಅನ್ನಿಸುತ್ತದೆ. ಆಮೇಲೆ ಹಾರಿ ಹೋದವು ಒಂದೊಂದಾಗಿ ಮರಳುತ್ತವೆ. ಮಿಂಚುಳ್ಳಿಯ ಮಟ್ಟಿಗಂತೂ ಕೂರುವುದೇ ಸರಿ. ನಡೆಯುವವರಿಗೆ ಅದು ನೀಲಿ ಗೆರೆಯಾಗಿ ಸರ್ರನೆ ಹೋಗುವುದಷ್ಟೇ ಕಾಣುತ್ತದೆ. ಕೂತವರಿಗೆ ಮೊದಲು ಚುರುಕಾದ ಸಿಳ್ಳು ಕೇಳುತ್ತದೆ, ನಂತರ ಹಕ್ಕಿ ತನ್ನ ಕೊಂಬೆಗೇ ಬಂದು ಕೂರುತ್ತದೆ. ಆಗ ಕೊಕ್ಕು ನೋಡಿ. ಪೂರ್ತಿ ಕಪ್ಪಾಗಿದ್ದರೆ ಗಂಡು, ಕೆಳ ಕೊಕ್ಕು ಕಿತ್ತಳೆಗೆಂಪಾಗಿದ್ದರೆ ಹೆಣ್ಣು. ಕೊಕ್ಕಿನ ತುದಿಯಲ್ಲಿ ಸಣ್ಣ ಬಿಳಿ ಚುಕ್ಕೆಯಿದ್ದು, ಕಾಲು ಕೆಂಪಿನ ಬದಲು ಮಾಸಲಾಗಿದ್ದರೆ ಈ ವರ್ಷದ ಮರಿ. ಶರತ್ಕಾಲದಲ್ಲಿ ಅಪ್ಪ ಅಮ್ಮನಿಂದ ಬೇರೆಯಾದ ಮರಿಗಳು ಹೊಳೆಯುದ್ದಕ್ಕೂ ತಮ್ಮದೇ ಜಾಗ ಹುಡುಕುತ್ತಿರುತ್ತವೆ. ಒಂದೇ ಕೊಂಬೆಗಾಗಿ ಎರಡು ಹಕ್ಕಿ ಗಂಟೆಗಟ್ಟಲೆ ಎದುರುಬದುರು ಕೂತು ಮೈ ನೆಟ್ಟಗೆ ಮಾಡಿ ಹೆದರಿಸಿಕೊಳ್ಳುವುದನ್ನೂ ನೋಡಬಹುದು.

ಎರಡೂ ಬೇಕು ಅನ್ನುವವರು ತಿರುವಿನ ತನಕ ನಿಧಾನ ನಡೆದು, ಅಲ್ಲಿ ಒಂದು ಗಂಟೆ ಕೂತು, ವಾಪಸ್ ಬರಬಹುದು. ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣವಾದ ಇಬರ್ಡ್‌ನಲ್ಲಿ ಪಟ್ಟಿ ಹಾಕುವವರು ಇವೆರಡನ್ನು ಬೇರೆ ಬೇರೆಯಾಗಿ ಬರೆಯಬೇಕು. 30 ಮೀಟರ್‌ಗಿಂತ ಹೆಚ್ಚು ಕದಲದೆ ನೋಡಿದ್ದು ನಿಂತು ನೋಡಿದ ಪಟ್ಟಿ, ಅದಕ್ಕಿಂತ ಜಾಸ್ತಿ ನಡೆದದ್ದು ಸಂಚಾರದ ಪಟ್ಟಿ. ವಾರದಿಂದ ವಾರಕ್ಕೆ ಹೋಲಿಸಲು ನಿಂತು ನೋಡಿದ ಪಟ್ಟಿಯೇ ಸುಲಭ.

ಯಾವ ಹೊತ್ತು, ಯಾವ ದಡ

ಹಕ್ಕಿ ನೋಡುವವರೆಲ್ಲ ಸೂರ್ಯ ಹುಟ್ಟುವಾಗಲೇ ಹೋಗಿ ಅನ್ನುತ್ತಾರೆ. ಶರತ್ಕಾಲದ ಹೊಳೆಗೆ ಇದು ಪೂರ್ತಿ ಒಪ್ಪುವುದಿಲ್ಲ. ರಾತ್ರಿ ಗಾಳಿ ತಣ್ಣಗಾಗಿರುತ್ತದೆ, ನೀರು ಇನ್ನೂ ಬೆಚ್ಚಗಿರುತ್ತದೆ. ಹಾಗಾಗಿ ನೀರಿನ ಮೇಲೆ ಮಂಜು ಏಳುತ್ತದೆ. ಅಂಥ ದಿನ ಮೊದಲ ಗಂಟೆ ಎಷ್ಟು ದುಬಾರಿ ಬೈನಾಕ್ಯುಲರ್ ಇದ್ದರೂ ಬಿಳಿ ತೆರೆಯೇ. ನೀರ ಹಕ್ಕಿ ನೋಡುವವರು ಒಂದು ಗಂಟೆ ತಡವಾಗಿ ಹೋದರೂ ನಷ್ಟವಿಲ್ಲ. ಮರದ ಹಕ್ಕಿ ಬೇಕೆನ್ನುವವರು ಮಾತ್ರ ಬೇಗ ಏಳಬೇಕು. ವಲಸೆ ಹೋಗುವ ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ರಾತ್ರಿ ಹಾರುತ್ತವೆ, ಬೆಳಗಾಗುವಾಗ ಇಳಿದು ಹಸಿವಿನಿಂದ ಮೇಯುತ್ತವೆ. ರಾತ್ರಿ ಮಳೆ ಬಂದು ಬೆಳಗ್ಗೆ ಬಿಟ್ಟಿದ್ದರೆ ಕೆಲಸ ಬದಿಗಿಟ್ಟಾದರೂ ಹೋಗಿ. ದಾರಿ ಮುಂದುವರಿಸಲಾಗದ ಹಕ್ಕಿಗಳು ದಂಡೆಯ ಪೊದೆಗಳಲ್ಲಿ ಇಳಿದಿರುತ್ತವೆ.

ಸಂಜೆಯದು ಬೇರೆಯೇ ಸೊಗಸು. ಬೆಳ್ಳಕ್ಕಿ, ನೀರುಕಾಗೆಗಳು ಸಾಲುಗಟ್ಟಿ ಮಲಗುವ ಮರಕ್ಕೆ ಹೊಳೆಗುಂಟ ಹಾರುತ್ತವೆ. ಜೊಂಡು ಬೆಳೆದ ಕಡೆ ವಲಸೆಯ ಕವಲುತೋಕೆಗಳು ನೂರಾರು, ಕೆಲವೊಮ್ಮೆ ಸಾವಿರಾರು ಸೇರುತ್ತವೆ. ಕತ್ತಲಾಗುವ ಮುಂಚೆ ಜೊಂಡಿನ ಮೇಲೆ ಸುತ್ತು ಹಾಕಿ ಒಮ್ಮೆಲೇ ಒಳಗೆ ಸುರಿದಂತೆ ಇಳಿಯುತ್ತವೆ. ಅವುಗಳ ಬೆನ್ನು ಹತ್ತಿ ಡೇಗೆಗಳೂ ಬರುತ್ತವೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನಾನು ಸಂಜೆಯನ್ನೇ ಹೇಳುತ್ತೇನೆ. ಹೆಸರು ಗೊತ್ತಿಲ್ಲದಿದ್ದರೂ ನೋಡಿ ಖುಷಿಪಡಬಹುದಾದ ಹೊತ್ತು ಅದು.

ಹೊತ್ತು ಯಾವುದೇ ಇರಲಿ, ಸೂರ್ಯ ಬೆನ್ನಿಗಿರಬೇಕು. ಬೆಳಗ್ಗೆ ಪೂರ್ವದ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ, ಸಂಜೆ ಪಶ್ಚಿಮದ ದಡದಿಂದ ಪೂರ್ವಕ್ಕೆ ನೋಡಿ. ಎದುರು ಬಿಸಿಲಲ್ಲಿ, ಅದೂ ಹೊಳೆಯುವ ನೀರಿನ ಮೇಲೆ, ಗೊರವಗಳೆಲ್ಲ ಕಪ್ಪು ನೆರಳುಗಳೇ. ಒಂದೇ ದಡಕ್ಕೆ ಹೋಗಲು ದಾರಿ ಇದ್ದರೆ ಆ ದಡವೇ ನಿಮ್ಮ ಹೊತ್ತನ್ನು ನಿರ್ಧರಿಸಲಿ.

ಮೊದಲ ವಾರಗಳೋ, ಕೊನೆಯ ವಾರಗಳೋ

ಒಂದೇ ತಿಂಗಳು ಬಿಡುವಿದ್ದರೆ? ಗೊರವ, ಕವಲುತೋಕೆ ಬೇಕಾದವರು ಮೊದಲ ಭಾಗ ಆರಿಸಲಿ. ಗೊರವಗಳ ವಲಸೆ ಬೇಗ ಶುರುವಾಗುತ್ತದೆ. ಹಲವು ಜಾತಿಗಳಲ್ಲಿ ದೊಡ್ಡವು ಮೊದಲು ಹೊರಟು, ಆ ವರ್ಷದ ಮರಿಗಳು ಆಮೇಲೆ ತಾವಾಗಿಯೇ ಬರುತ್ತವೆ. ದಾರಿ ತೋರಿಸಲು ಯಾರೂ ಇರುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಸುಮಾರು ಐದು ತಿಂಗಳ ಒಂದು ಪಟ್ಟೆಬಾಲದ ಹಿನ್ನೀರ ಗೊರವ ಅಲಾಸ್ಕದಿಂದ ಟಾಸ್ಮೇನಿಯಾಕ್ಕೆ 11 ದಿನಗಳಲ್ಲಿ, ಎಲ್ಲೂ ಇಳಿಯದೆ, ಸುಮಾರು 13,560 ಕಿಲೋಮೀಟರ್ ಹಾರಿತ್ತು. ಅದರ ಬೆನ್ನಿಗೆ ಕಟ್ಟಿದ್ದ ಉಪಗ್ರಹ ಟ್ಯಾಗ್‌ನಿಂದ ಇದು ತಿಳಿದದ್ದು. ಹೊಳೆ ಅಂಚಿನಲ್ಲಿ ಮೇಯುವ ಚಿಕ್ಕ ಗೊರವವನ್ನು ಸುಮ್ನೆ ಕಂದು ಹಕ್ಕಿ ಅಂದು ದಾಟಿ ಹೋಗಲು ಇಂಥದ್ದನ್ನು ತಿಳಿದ ಮೇಲೆ ಮನಸ್ಸು ಬರುವುದಿಲ್ಲ.

ಬಾತುಗಳಿಗಾದರೆ ಕೊನೆಯ ವಾರಗಳು. ಬೇಸಿಗೆಯ ಕೊನೆಗೆ ಹೆಚ್ಚಿನ ಗಂಡು ಬಾತುಗಳು ಬಣ್ಣದ ಗರಿ ಉದುರಿಸಿ ಹೆಣ್ಣಿನಂತೆ ಕಂದು ಬಣ್ಣಕ್ಕೆ ತಿರುಗುತ್ತವೆ. ರೆಕ್ಕೆಯ ಗರಿಗಳೂ ಒಟ್ಟಿಗೇ ಉದುರಿ ಕೆಲವು ವಾರ ಹಾರಲೂ ಆಗುವುದಿಲ್ಲ. ಹಾಗಾಗಿ ಮೊದಲು ಬರುವ ಬಾತುಗಳೆಲ್ಲ ಒಂದೇ ಬಣ್ಣದಲ್ಲಿ ಕಾಣುತ್ತವೆ. ಆಗ ಬಣ್ಣ ನಂಬದೆ ಆಕಾರ ನೋಡಬೇಕು. ಚಮಚದಂಥ ಅಗಲ ಕೊಕ್ಕಿದ್ದರೆ ಚಲುಕ ಬಾತು, ಉದ್ದ ಕುತ್ತಿಗೆ ಮತ್ತು ಚೂಪು ಬಾಲವಿದ್ದರೆ ಸೂಜಿಬಾಲದ ಬಾತು. ಋತು ಮುಗಿಯುತ್ತಾ ಬಂದಂತೆ ಗಂಡುಗಳು ಮತ್ತೆ ಬಣ್ಣ ಪಡೆಯುತ್ತವೆ. ಅದನ್ನು ವಾರದಿಂದ ವಾರಕ್ಕೆ ನೋಡುವುದೇ ಒಂದು ಸಂತೋಷ.

8 ಪಟ್ಟೋ, 10 ಪಟ್ಟೋ

ಬೈನಾಕ್ಯುಲರ್ ಮೇಲೆ 8×42 ಅಂತ ಬರೆದಿದ್ದರೆ 8 ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಎಂದರ್ಥ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಕಣ್ಣಿಗೆ ಬರುವ ಬೆಳಕಿನ ವೃತ್ತ ಎಷ್ಟು ಮಿಲಿಮೀಟರ್ ಅಂತ ಸಿಗುತ್ತದೆ. 8×42ರಲ್ಲಿ 5.25, 10×42ರಲ್ಲಿ 4.2, 8×32ರಲ್ಲಿ 4, ಜೇಬಿನಲ್ಲಿ ಹಿಡಿಯುವ 10×25ರಲ್ಲಿ ಬರೀ 2.5. ವೃತ್ತ ದೊಡ್ಡದಿದ್ದಷ್ಟೂ ಮಬ್ಬಿನಲ್ಲಿ ಚಿತ್ರ ಬೆಳಕಾಗಿ ಕಾಣುತ್ತದೆ. ಮಂಜು ಮುಸುಕಿದ ಬೆಳಗಿನಲ್ಲೂ ಸಂಜೆಗತ್ತಲಿನಲ್ಲೂ ಈ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಕೈ ನಡುಕ. 10 ಪಟ್ಟಿನಲ್ಲಿ ಹಕ್ಕಿ ದೊಡ್ಡದಾಗುವಂತೆ ನಡುಕವೂ ದೊಡ್ಡದಾಗುತ್ತದೆ, ಕಾಣುವ ಜಾಗವೂ ಸಾಮಾನ್ಯವಾಗಿ ಕಿರಿದು. ಹಾರುವ ಕವಲುತೋಕೆಯನ್ನು, ಕೊಂಬೆಯಿಂದ ಕೊಂಬೆಗೆ ಜಿಗಿಯುವ ಉಲಿಯಕ್ಕಿಯನ್ನು ಹಿಂಬಾಲಿಸಲು 8 ಪಟ್ಟೇ ಸುಲಭ. ಹೊಳೆ ಕಿರಿದಾಗಿದ್ದು ಎದುರು ದಡ ಹತ್ತಿರವಿದ್ದರೆ 8×42 ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಕುತ್ತಿಗೆ ನೋವಿರುವವರಿಗೆ, ಜಾಸ್ತಿ ನಡೆಯುವವರಿಗೆ 8×32 ಹಗುರ. ನದಿ ತುಂಬಾ ಅಗಲವಾಗಿದ್ದು ಹಕ್ಕಿಗಳೆಲ್ಲ ದೂರದ ದಿಬ್ಬದಲ್ಲೇ ಇದ್ದರೆ 10×42ಕ್ಕೆ ಅರ್ಥವಿದೆ. ಅಷ್ಟು ದೂರಕ್ಕೆ ಸ್ಪಾಟಿಂಗ್ ಸ್ಕೋಪ್ ಇನ್ನೂ ಒಳ್ಳೆಯದು. ಆದರೆ ಅದಕ್ಕೆ ಟ್ರೈಪಾಡ್ ಬೇಕು, ಹೊರಬೇಕು, ಬಿಸಿಲೇರಿದ ಮೇಲೆ ಮರಳಿನಿಂದ ಏಳುವ ಬಿಸಿಗಾಳಿಯಲ್ಲಿ ಚಿತ್ರ ಕುಣಿಯುತ್ತದೆ. ಮೊದಲ ವರ್ಷವೇ ಕೊಳ್ಳುವ ಅಗತ್ಯ ಖಂಡಿತ ಇಲ್ಲ.

ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲು ತಿರುಗಿಸಿದರೆ ಕೆಳಗಿಳಿಯುತ್ತದೆಯೇ ನೋಡಿ. ನೀರಿನ ಪಕ್ಕದ ಕೆಲಸವಾದ್ದರಿಂದ ತೇವ ಒಳಹೋಗದಂಥದ್ದೇ ಇರಲಿ.

ಪುಸ್ತಕ, ಆ್ಯಪ್, ನೋಟ್‌ಬುಕ್

ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಆ್ಯಪ್ ಉಚಿತ. 2021ರಿಂದ ಅದು ಕೂಗು ಕೇಳಿ ಹೆಸರು ಸೂಚಿಸುತ್ತದೆ. ಕಾಡಿನಲ್ಲಿ ಬಹಳ ಉಪಯೋಗ. ಹೊಳೆ ದಂಡೆಯಲ್ಲಿ ಅಷ್ಟು ಸಲೀಸಲ್ಲ. ಒಡ್ಡಿನ ಸದ್ದು ಮೈಕಿನ ತುಂಬಾ ತುಂಬಿಕೊಳ್ಳುತ್ತದೆ. ಮೇಲಾಗಿ ಶರತ್ಕಾಲದಲ್ಲಿ ಹೆಚ್ಚಿನ ಹಕ್ಕಿಗಳು ಹಾಡುವುದು ಕಡಿಮೆ, ಚಿಕ್ಕ ಕೂಗು ಮಾತ್ರ. ಆ್ಯಪ್ ಹೆಸರು ಹೇಳಿದರೆ ಅದನ್ನು ಹುಡುಕಲು ಸಿಕ್ಕ ಸುಳಿವು ಅಂತ ತಿಳಿಯಿರಿ, ಕಣ್ಣಾರೆ ನೋಡಿಯೇ ಬರೆದುಕೊಳ್ಳಿ. ಇಬರ್ಡ್‌ನ ಪಟ್ಟಿ ಚಿತ್ರಗಳು (ಬಾರ್ ಚಾರ್ಟ್) ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ಪ್ರತಿ ತಿಂಗಳನ್ನು ನಾಲ್ಕು ಭಾಗ ಮಾಡಿ, ನಿಮ್ಮ ಪ್ರದೇಶದಲ್ಲಿ ಯಾವ ಹಕ್ಕಿ ಯಾವ ವಾರ ಎಷ್ಟು ಕಾಣುತ್ತದೆ ಎಂದು ಅವು ತೋರಿಸುತ್ತವೆ. ಹೊರಡುವ ಹಿಂದಿನ ರಾತ್ರಿ ಒಮ್ಮೆ ನೋಡಿದರೆ ಏನು ನಿರೀಕ್ಷಿಸಬೇಕು ಅಂತ ತಿಳಿಯುತ್ತದೆ.

ಪುಸ್ತಕ ಮನೆಯಲ್ಲಿ, ನೋಟ್‌ಬುಕ್ ಕೈಯಲ್ಲಿ ಇರಲಿ. ಹಕ್ಕಿ ಎದುರಿಗಿರುವಾಗ ಪುಟ ತಿರುವಿದರೆ ತಲೆ ಎತ್ತುವಷ್ಟರಲ್ಲಿ ಅದು ಹೋಗಿರುತ್ತದೆ. ಕಾಲಿನ ಬಣ್ಣ, ಕೊಕ್ಕಿನ ಉದ್ದ, ಹಾರಿದಾಗ ಎಲ್ಲಿ ಬಿಳಿ ಕಂಡಿತು, ಇಷ್ಟನ್ನು ಬರೆದುಕೊಳ್ಳಿ. ಜೊತೆಗೆ ನೀರಿನ ಮಟ್ಟ, ನೀರು ತಿಳಿಯೋ ಕೆಂಪೋ ಅಂತಲೂ ಒಂದು ಸಾಲು. ಕೆಂಪು ನೀರು ಬಂದ ವಾರ ಮಿಂಚುಳ್ಳಿ ಕಾಣದಿದ್ದರೆ ಅದು ವಲಸೆ ಹೋಯಿತು ಅಂದುಕೊಳ್ಳಬೇಡಿ. ಕೆಸರು ನೀರಿನಲ್ಲಿ ಮೀನು ಕಾಣದೆ ಪಕ್ಕದ ತಿಳಿ ತೊರೆಗೆ ಸರಿದಿರುತ್ತದೆ.

ಒಬ್ಬರೇ ಹೋಗುವುದೋ, ಜೊತೆಯಲ್ಲೋ

ಕಲಿಯಲು ಗುಂಪು ಒಳ್ಳೆಯದು, ನೋಡಲು ಒಬ್ಬರು ಅಥವಾ ಇಬ್ಬರು. ಪಕ್ಕದಲ್ಲಿ ಅನುಭವಿ ಒಬ್ಬರಿದ್ದರೆ ಮೂರು ಗೊರವಗಳನ್ನು ಒಂದೇ ಬೆಳಗಿನಲ್ಲಿ ಕಲಿಯಬಹುದು. ಹತ್ತು ಜನ ಒಟ್ಟಿಗೆ ದಂಡೆಗೆ ಇಳಿದರೆ ದಿಬ್ಬ ಖಾಲಿಯಾಗುತ್ತದೆ. ಹಕ್ಕಿ ಮೇಯುವುದು ಬಿಟ್ಟು ತಲೆ ಎತ್ತಿ ನಿಮ್ಮನ್ನೇ ನೋಡುತ್ತಿದ್ದರೆ ಆಗಲೇ ಹತ್ತಿರವಾಗಿದ್ದೀರಿ, ಅಲ್ಲಿಂದ ಹಿಂದೆ ಸರಿಯಿರಿ. ಫೋನಿನಲ್ಲಿ ಕೂಗು ಹಾಕಿ ಕರೆಯುವುದು ಬೇಡವೇ ಬೇಡ.

ಒಬ್ಬರೇ ಹೋಗುವುದಾದರೆ ಎಲ್ಲಿರುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ ಹೋಗಿ. ಮೇಲೆ ಅಣೆಕಟ್ಟು ಇರುವ ಹೊಳೆಯಲ್ಲಿ ಆಕಾಶ ಎಷ್ಟೇ ಶುಭ್ರವಾಗಿದ್ದರೂ ನಡು ದಿಬ್ಬಕ್ಕೆ ದಾಟಬೇಡಿ. ನೀರು ಬಿಟ್ಟರೆ ಮಟ್ಟ ನೋಡನೋಡುತ್ತಲೇ ಏರುತ್ತದೆ. ದಿಬ್ಬದ ಹಕ್ಕಿಗಳನ್ನು ದಡದಿಂದಲೇ ನೋಡಿ.